ಅಕ್ಕ ಕಲಿಸಿದ ಸ್ಪ್ಯಾನಿಷ್

ನನಗೆ ಸ್ಪ್ಯಾನಿಷ್ ಭಾಷೆಯ ಒಂದಿಷ್ಟು ಮಾತುಗಳು ಬರುತ್ತವೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟವನು ನಾನು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಇಂಗ್ಲಿಷ್ ಬಲ್ಲವರನ್ನೂ ಹುಡುಕಬೇಕಾಗಿದ್ದ ಕಾಲದಲ್ಲಿ ಆ ಮಾತುಗಳನ್ನು ಕಲಿಸಿದವಳು ನನ್ನ ಅಕ್ಕ. ಅವಳ ಮೊದಲ ಶಿಷ್ಯ ನಾನೇ. ಹೇಳಬೇಕಾದ ಕಡೆ ನಾನು ಅದನ್ನು ಹೇಳಲಿಲ್ಲ.

ಅಕ್ಕ ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ಮನೆಗೆ ಬಂದಿದ್ದಳು. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದ. ನಾನು ನೇಯುತ್ತಿದ್ದೆ, ಅಕ್ಕ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಯುದ್ಧದ ಕಾಲ. ನೂಲು ಕಂಟ್ರೋಲಿನಲ್ಲಿ ಸಿಗುತ್ತಿತ್ತು, ಸಿಕ್ಕಿದ್ದೂ ಒರಟಾಗಿರುತ್ತಿತ್ತು. ಆ ನೂಲು ಕೊಯ್ದು ಅವಳ ಅಂಗೈ ಕೀವು ಕಟ್ಟಿತು. ಸೊಪ್ಪಿನ ರಸಕ್ಕೆ ಬಗ್ಗಲಿಲ್ಲ. ಮೊಣಕೈವರೆಗೆ ಬಾವು ಏರಿದ ಮೇಲೆ ದೇವನಹಳ್ಳಿ ರಸ್ತೆಯಲ್ಲಿದ್ದ ಒಂದು ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಪೇನ್ ದೇಶದಿಂದ ಬಂದ ಕನ್ಯಾಸ್ತ್ರೀಯರು ಅದನ್ನು ನಡೆಸುತ್ತಿದ್ದರು. ಇವರೂ ಶತ್ರುಗಳೇ ಇರಬಹುದು ಎಂದು ಊರಲ್ಲಿ ಗುಸುಗುಸು ಇತ್ತು. ಇವರ ದೇಶ ಯುದ್ಧದಲ್ಲೇ ಇಲ್ಲ ಎಂದು ಅಮಲ್ದಾರರ ಕಚೇರಿಯ ಜವಾನ ಹೇಳಿದ ಮೇಲೂ ಅದು ನಿಲ್ಲಲಿಲ್ಲ.

ಕೈ ಉಳಿಯಿತು. ಪಟ್ಟಿ ಬಿಚ್ಚಿ ಕಟ್ಟಲು ದಿನಾ ಹೋಗುತ್ತಿದ್ದ ಅಕ್ಕ, ಕೈ ವಾಸಿಯಾದ ಮೇಲೂ ಹೋಗುವುದನ್ನು ಬಿಡಲಿಲ್ಲ. ಗಾಯ ತೊಳೆಯುವುದಕ್ಕೆ, ಬಟ್ಟೆ ಕುದಿಸುವುದಕ್ಕೆ ನಿಂತಳು. ಅಲ್ಲಿನ ಹಿರಿಯ ಮದರ್‌ಗೆ ಮುರುಕು ಕನ್ನಡ ಬರುತ್ತಿತ್ತು. ಉಳಿದವರಿಗೆ ಅವರ ಭಾಷೆ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅಕ್ಕ ಕೇಳಿ ಕೇಳಿಯೇ ಕಲಿತಳು. ಮನೆಗೆ ಬಂದು ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದಳು. ನಾನು ಮಗ್ಗದಲ್ಲಿ ಕೂತಿದ್ದರೆ ಪಕ್ಕದಿಂದ ಕೈ ಚಾಚಿ "ದಾಮೆ" ಅನ್ನುವಳು. ಕೊಡು ಎಂದು ಅರ್ಥ. ಲಾಳಿ ಕೊಡುತ್ತಿದ್ದೆ. "ಆಗ್ವ" ಎಂದರೆ ಚೊಂಬು ಸರಿಸುತ್ತಿದ್ದೆ. ಜೋರಾಗಿ ಮಗ್ಗದ ಹಲಗೆ ಬಡಿದರೆ "ದೆಸ್ಪಾಸ್ಯೊ ಕಣೋ, ದೆಸ್ಪಾಸ್ಯೊ" ಎಂದು ಬಯ್ಯುತ್ತಿದ್ದಳು. ನಿಧಾನ ಎಂದು ಅವಳು ಬಿಡಿಸಿ ಹೇಳಲೇ ಇಲ್ಲ, ನನಗೆ ಗೊತ್ತಾಯಿತು. ಗಂಡ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆ ದಿನಗಳಲ್ಲೇ.

ಆಸ್ಪತ್ರೆಗೆ ಸಹಾಯಕ್ಕೆಂದು ಸುತ್ತಲ ಹಳ್ಳಿಗಳ ಹುಡುಗಿಯರನ್ನು ಸೇರಿಸಿಕೊಂಡರು. ಅವರಿಗೆ ಭಾಷೆ ಕಲಿಸು ಎಂದು ಮದರ್ ಅಕ್ಕನಿಗೇ ಹೇಳಿದರು. ಮೊದಲು ಅವಳಿಗೆ ಕಲಿಸಲು ಬರಲಿಲ್ಲ. ಶಾಲೆಯ ಮೇಷ್ಟ್ರು ಮಗ್ಗಿ ಹೇಳಿಸಿದ ಹಾಗೆ ನಿಲ್ಲಿಸಿ ಹೇಳಿಸಿದಳು. ಹುಡುಗಿಯರು ಗಿಳಿಗಳ ಹಾಗೆ ಒಪ್ಪಿಸಿದರು, ವಾರ್ಡಿಗೆ ಹೋದರೆ ಕತ್ತರಿ ಕೇಳಿದವರಿಗೆ ಬೇಸಿನ್ ಕೊಟ್ಟರು. ಆವತಿಯ ಕಡೆಯ ಒಕ್ಕಲುಮನೆ ಹುಡುಗಿಯೊಬ್ಬಳು ಅತ್ತು ಊರಿಗೆ ಓಡಿಹೋದಳು.

ಅಂದು ಅಕ್ಕ ಊಟ ಮಾಡಲಿಲ್ಲ. ನನ್ನ ಮಗ್ಗದ ಪಕ್ಕ ಬಂದು ಕೂತಳು.

"ಅಪ್ಪ ನಿಂಗೆ ನೇಯೋದು ಹೆಂಗೋ ಕಲಿಸ್ದ?"

"ಎಲ್ಲಿ ಕಲಿಸ್ದ? ಪಕ್ಕದಲ್ಲಿ ಕೂರಿಸ್ಕೊಂಡ. ಹರಿದ ಎಳೆ ಗಂಟು ಹಾಕು ಅಂದ. ಲಾಳಿ ಮುಟ್ಟಿದ್ರೆ ಕೈ ಮೇಲೆ ಹೊಡೀತಿದ್ದ."

"ಅದೇ ಮತ್ತೆ," ಎಂದಳು.

ಮಾರನೆಯ ದಿನವೇ ಆ ಹುಡುಗಿಯನ್ನು ಅವಳ ಊರಿಂದ ತಾನೇ ಹೋಗಿ ಕರೆತಂದಳು. ಆಮೇಲೆ ಹೇಳಿಸುವುದನ್ನು ಬಿಟ್ಟು ಮಾಡಿಸತೊಡಗಿದಳು. ಒಬ್ಬಳು ರೋಗಿ, ಇನ್ನೊಬ್ಬಳು ದಾದಿ. ಕೈ ಮೇಲಕ್ಕೆ, ಕೆಳಕ್ಕೆ, ನಿಧಾನ, ನೀರು ಕೊಡು. ಮೊದಮೊದಲು ಹುಡುಗಿಯರು ಬಾಯಿ ತೆರೆಯುವ ಹಾಗಿಲ್ಲ, ಕೇಳಿ ಮಾಡಿದರೆ ಸಾಕು. ಮಾತು ತಾನಾಗಿ ಬಂದಾಗ ಬರಲಿ. ಒಂದು ಸಲ ಹುಳ ಸಾಕುವ ಪಕ್ಕದ ಹಳ್ಳಿಯವರಿಂದ ರೇಷ್ಮೆಹುಳುವಿನ ತಟ್ಟೆಯೊಂದನ್ನು ಬೇಡಿ ತಂದಳು, ರೋಗ ಬಿದ್ದ ತಟ್ಟೆ. ಹುಡುಗಿಯರು ಒಂದೊಂದೇ ಹುಳು ಮುಟ್ಟಿ ನೋಡಿ ಬೇರೆ ಮಾಡಬೇಕು. ಬದುಕಿದ್ದರೆ "ವೀವೆ". ಇಲ್ಲದಿದ್ದರೆ "ನೋ ವೀವೆ". ತಟ್ಟೆ ಹೊತ್ತು ತಂದವನು ನಾನು. ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಸತ್ತ ಹುಳು ಕಂಡು ಮುಖ ಸಿಂಡರಿಸಿದ ಹುಡುಗಿಗೆ ಅಕ್ಕ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮುಖ ಹಂಗೆ ಮಾಡ್ಬೇಡ ಕಣೇ. ರೋಗಿ ಮನೆಯವ್ರು ನಿನ್ ಮುಖಾನೇ ನೋಡ್ತಿರ್ತಾರೆ. ಹೇಳ್ಬೇಕಾದವ್ರು ಹೇಳೋಗಂಟ ಮುಖದಾಗೆ ಏನೂ ಕಾಣಬಾರ್ದು."

ಅವಳ ಹುಡುಗಿಯರು ತಯಾರಾದರು. ಬೇರೆ ಊರಲ್ಲಿದ್ದ ತಮ್ಮ ದೊಡ್ಡ ಆಸ್ಪತ್ರೆಗೆ ಅಕ್ಕನನ್ನು ಕಳಿಸಿ, ಅಲ್ಲಿ ಹೊಸದಾಗಿ ಸೇರುವವರಿಗೆಲ್ಲ ಅವಳೇ ಕಲಿಸುವ ಹಾಗೆ ಮಾಡುತ್ತೇವೆ ಎಂದರು ಮದರ್. ಇರಲು ಒಂದು ಕೋಣೆ, ಮಾಡಲು ಒಂದು ಕೆಲಸ. ವಿಧವೆಗೆ ನಮ್ಮ ಬೀದಿಯಲ್ಲಿ ರಾಟೆ ಬಿಟ್ಟರೆ ಇನ್ನೇನಿತ್ತು?

ಅಷ್ಟರಲ್ಲಿ ಯಾರೋ ಕಿಟಕಿಯಿಂದ ನೋಡಿದರು. ಇವಳು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು, ಕೈ ಎತ್ತಿಸಿ, ಪರಂಗಿ ಭಾಷೆಯಲ್ಲಿ ಪ್ರಾರ್ಥನೆ ಹೇಳಿಸುತ್ತಾಳೆ, ಜಾತಿ ಬಿಟ್ಟಿದ್ದಾಳೆ ಎಂದು ಸುದ್ದಿಯಾಯಿತು. ಕಟ್ಟೆಮನೆ ಸೇರಿತು. ನಮ್ಮ ನೇಕಾರರ ಹಿರಿಯರು ಕೂತು ನ್ಯಾಯ ಹೇಳುವ ಜಾಗ ಅದು. ಅಲ್ಲಿ ಹೆಂಗಸರನ್ನು ಕರೆಯುವುದಿಲ್ಲ. ಅವಳ ಪರವಾಗಿ ಮನೆಯ ಗಂಡು ಉತ್ತರ ಕೊಡಬೇಕು. ನಮ್ಮ ಮನೆಯ ಗಂಡು ನಾನು.

ಹೊರಡುವಾಗ ಅಕ್ಕ ನಿರಾಳವಾಗಿಯೇ ಇದ್ದಳು. "ಏನ್ ಹೇಳಿಸ್ತೀನಿ ಅಂತ ನಿಂಗೆ ಗೊತ್ತಲ್ಲ, ಒಂದೊಂದೂ ಬಿಡಿಸಿ ಹೇಳ್ಬಿಟ್ಟು ಬಾ," ಎಂದಳು.

ಹಿರಿಯರ ಪಕ್ಕದಲ್ಲಿ, ನನಗೆ ಗೊತ್ತುಮಾಡುತ್ತಿದ್ದ ಹುಡುಗಿಯ ಸೋದರಮಾವ ಕೂತಿದ್ದ. ವೀಳ್ಯದ ಶಾಸ್ತ್ರ ಇನ್ನೂ ಆಗಿರಲಿಲ್ಲ.

"ಏನಪ್ಪಾ, ನಿಮ್ಮಕ್ಕ ಅಲ್ಲಿ ಕೈ ಎತ್ತಿಸ್ಕೊಂಡು ಅದೇನೋ ಹೇಳಿಸ್ತಾಳಂತಲ್ಲ. ಅದಕ್ಕೇನರ್ಥ?" ಎಂದರು ಯಜಮಾನರು.

ಕೈ ಮೇಲಕ್ಕೆ, ಕೈ ಕೆಳಕ್ಕೆ. ಬಾಯಲ್ಲೇ ಇತ್ತು. ಆದರೆ ಅದು ಬಂದರೆ ನನಗೂ ಆ ಭಾಷೆ ಬರುತ್ತದೆ, ನಾನೂ ಅಲ್ಲಿ ಕೂತು ಬಂದವನು ಎಂದಾಗುತ್ತಿತ್ತು. ಸೋದರಮಾವ ನನ್ನನ್ನೇ ನೋಡುತ್ತಿದ್ದ.

"ನಂಗೇನ್ ಗೊತ್ತು ಸ್ವಾಮಿ," ಎಂದೆ. "ನಾನೇನು ಓದಿದವನೇ?"

"ಅದೂ ಸರಿ. ಮೂರನೇ ಕ್ಲಾಸು. ಇವನಿಗೆ ಕನ್ನಡಾನೇ ಸರಿಯಾಗ್ ಬರಲ್ಲ, ಪರಂಗಿ ಎಲ್ಲಿಂದ ಬರ್ಬೇಕು!" ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ತೀರ್ಪಿಗೆ ಹೊತ್ತು ಹಿಡಿಯಲಿಲ್ಲ. ಅಕ್ಕ ಇನ್ನು ಆ ಕಡೆ ಕಾಲಿಡಬಾರದು. ಇಟ್ಟರೆ ನಮ್ಮ ಮನೆಯ ಹಾಸು ಹಿಡಿಯಲು ಯಾರೂ ಬರುವುದಿಲ್ಲ. ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದದ ನೂಲು. ಅದನ್ನು ಬೀದಿಯುದ್ದಕ್ಕೂ ಚಾಚಿ ಗಂಜಿ ತಿಕ್ಕುವಾಗ ಇನ್ನೊಂದು ತುದಿಗೆ ನೆರೆಯವರು ಬೇಕೇ ಬೇಕು. ಅವರು ಬರದಿದ್ದರೆ ಮಗ್ಗ ನಿಲ್ಲುತ್ತದೆ.

ಮನೆಗೆ ಬಂದು ತೀರ್ಪು ಹೇಳಿದೆ. ಅಕ್ಕ ಕೇಳಿದ್ದು ಒಂದೇ: "ನೀನ್ ಏನಂದೆ?"

"ಗೊತ್ತಿಲ್ಲ ಅಂದೆ."

ಅವಳು ಎದ್ದು ರಾಟೆಯ ಧೂಳು ಒರೆಸಿದಳು. ಮಾರನೆಯ ದಿನ ಮಗ್ಗದ ಪಕ್ಕ ಕೈ ಚಾಚಿ "ಲಾಳಿ ಕೊಡು" ಎಂದಳು, ಕನ್ನಡದಲ್ಲಿ. ಮದರ್ ಹೇಳಿ ಕಳಿಸಿದರು, ಇವಳು ಹೋಗಲಿಲ್ಲ. ಮಳೆಗಾಲ ಕಳೆದ ಮೇಲೆ ಮದರ್ ತಮ್ಮ ದೇಶಕ್ಕೋ ಇನ್ನೆಲ್ಲಿಗೋ ಹೊರಟುಹೋದರು. ಅಕ್ಕನ ಕೆಲಸ ಬೇರೆಯವರಿಗೆ ಹೋಯಿತು. ನನ್ನ ಮದುವೆ ಚೆನ್ನಾಗಿಯೇ ನಡೆಯಿತು.

ಹೆಂಡತಿಗೆ ಚೊಚ್ಚಲ ಹೆರಿಗೆ ಕಷ್ಟವಾಯಿತು. ಸೂಲಗಿತ್ತಿ ಕೈ ಚೆಲ್ಲಿದಳು. ಜಾತಿ, ಕಟ್ಟೆ ಯಾವುದೂ ಆಗ ಯಾರಿಗೂ ನೆನಪಾಗಲಿಲ್ಲ. ಗಾಡಿ ಕಟ್ಟಿ ಅದೇ ಆಸ್ಪತ್ರೆಗೆ ಓಡಿಸಿದವನು ಅದೇ ಸೋದರಮಾವ. ನಮ್ಮನ್ನು ಇಳಿಸಿ, ನಮ್ಮ ಮನೆಯಲ್ಲೇ ಉಳಿದಿದ್ದ ಅತ್ತೆಯನ್ನು ಕರೆತರುತ್ತೇನೆಂದು ಗಾಡಿ ತಿರುಗಿಸಿದ.

ಬಿಳಿ ಪರದೆಯ ಈಚೆ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಒಳಗೆ ಹೆಂಡತಿಯ ಕೂಗು ನಿಂತಿತು. ಮಗುವಿನ ಅಳು ಬರಲಿಲ್ಲ. ಕನ್ಯಾಸ್ತ್ರೀಯೊಬ್ಬರು ಮೆಲ್ಲಗೆ ಹೇಳಿದ್ದು ಕೇಳಿಸಿತು: "ನೋ ವೀವೆ."

ಪರದೆ ಸರಿಸಿ ಬಂದವಳು ಆವತಿ ಕಡೆಯ ಹುಡುಗಿ, ಅತ್ತು ಓಡಿಹೋಗಿದ್ದವಳು. ಅವಳ ಮುಖದಲ್ಲಿ ಏನೂ ಇರಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಕೂತಿರಿ ಅಣ್ಣ. ಸಿಸ್ಟರ್ ಬಂದು ಹೇಳ್ತಾರೆ." ಎರಡು ಹೆಜ್ಜೆ ಹೋದವಳು ತಿರುಗಿದಳು. "ನೀವು ಟೀಚರಮ್ಮನ ತಮ್ಮ ಅಲ್ವಾ? ನಮ್ ಮಾತು ನಿಮಗೆ... ತಿಳಿಯುತ್ತಾ?"

"ಇಲ್ಲಮ್ಮ," ಎಂದೆ. "ನಂಗೇನ್ ಗೊತ್ತು."

ಅವಳು ಒಳಗೆ ಹೋದಳು. ನನ್ನ ಮಗು ಸತ್ತಿದೆ ಎಂದು ಗೊತ್ತಿದ್ದೂ, ಗೊತ್ತಿಲ್ಲದವನ ಹಾಗೆ ಆ ಬೆಂಚಿನ ಮೇಲೆ ಕೂತಿದ್ದೆ. ಸಿಸ್ಟರ್ ಬಂದು, ಅಷ್ಟರಲ್ಲಿ ಕಲಿತಿದ್ದ ಮುರುಕು ಕನ್ನಡದಲ್ಲಿ ಹೇಳಿದಾಗ ಮೊದಲ ಸಲ ಕೇಳಿದವನ ಹಾಗೆ ಅತ್ತುಬಿಟ್ಟೆ. ಅಳು ಸುಳ್ಳಲ್ಲ, ಉಳಿದದ್ದೆಲ್ಲ ಸುಳ್ಳು. ಹೆಂಡತಿ ಉಳಿದಳು. ಅವಳಿಗೆ ಹಾಸಲು ಬಟ್ಟೆ ತರಬೇಕೆಂದು ಊರಿಗೆ ನಡೆದೆ.

ಮನೆಯಂಗಳದಲ್ಲಿ ಗಾಡಿ ಇನ್ನೂ ಹೊರಟಿರಲಿಲ್ಲ. ಎದೆನೋವು ಬಂದು ಮಲಗಿಬಿಟ್ಟಿದ್ದ ಅತ್ತೆಯನ್ನು ಸೋದರಮಾವ ಆಗಷ್ಟೇ ಮೆಲ್ಲಗೆ ಗಾಡಿ ಹತ್ತಿಸುತ್ತಿದ್ದ. ಎಲ್ಲರೂ ನನ್ನತ್ತ ತಿರುಗಿದರು. ಯಾರೂ ಬಾಯಿ ತೆರೆಯುವ ಮೊದಲೇ ಹೊಸಿಲಲ್ಲಿದ್ದ ಅಕ್ಕ ಕೇಳಿದಳು:

"ವೀವೆ?"

ಅತ್ತೆಗೆ ತಿಳಿಯದಿರಲೆಂದು ಹಾಗೆ ಕೇಳಿದಳು ಅಷ್ಟೆ. ಆ ತೀರ್ಪಾದ ಮೇಲೆ ಅವಳ ಬಾಯಿಂದ ಆ ಭಾಷೆಯ ಮಾತು ನಾನು ಕೇಳಿದ್ದು ಅದೇ ಮೊದಲು. ಉತ್ತರ ಕೊಡದೆ ಇರಲಾಗಲಿಲ್ಲ.

"ಲಾ ಮಾದ್ರೆ ವೀವೆ," ಎಂದೆ. ತಾಯಿ ಬದುಕಿದ್ದಾಳೆ.

ಅಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ಬಂದು ಅತ್ತೆಯ ಭುಜ ಹಿಡಿದು, "ನಿಮ್ ಮಗ್ಳು ಚೆನ್ನಾಗವ್ಳೆ. ಇಳೀರಿ, ಒಂದ್ ಗುಟುಕು ನೀರು ಕುಡಿದು ಹೋಗೋರಂತೆ," ಎಂದು ಒಳಗೆ ನಡೆಸಿಕೊಂಡು ಹೋದಳು. ಮಗುವಿನ ವಿಷಯ ಒಳಗೆ ಕೂರಿಸಿದ ಮೇಲೆ ಹೇಳಿದಳು.

ಸೋದರಮಾವ ನೊಗ ಹಿಡಿದು ನಿಂತೇ ಇದ್ದ.

"ಲೇ, ನಿಂಗೂ ಬರುತ್ತಾ ಅದು?"

"ಬರುತ್ತೆ. ಆವತ್ತೂ ಬರ್ತಿತ್ತು. ಕೈ ಮೇಲೆತ್ತು, ಕೈ ಕೆಳಗಿಳ್ಸು ಅಂತಿದ್ಲು. ಅಷ್ಟೇ. ದೇವರ ಹೆಸರೂ ಇರ್ಲಿಲ್ಲ ಅದ್ರಲ್ಲಿ."

ಅವನು ಎತ್ತಿನ ಬೆನ್ನು ಸವರಿದ. "ಈಗ್ಯಾಕಪ್ಪಾ ಅದೆಲ್ಲ," ಎಂದ. ನಿಜ. ಮದರ್ ಹೋಗಿಯಾಗಿತ್ತು, ಆ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಈಗ ಕಟ್ಟೆಗೆ ಹೋಗಿ ಹೇಳಿದರೆ ನನ್ನ ಎದೆ ಹಗುರವಾಗುತ್ತಿತ್ತು, ಅವಳಿಗೆ ಏನೂ ಸಿಗುತ್ತಿರಲಿಲ್ಲ. ಆದರೂ ಹೋಗಬೇಕಿತ್ತು. ಅದನ್ನೂ ಮಾಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಕಂಡಿಕೆ ಸುತ್ತುತ್ತಲೇ ಅಕ್ಕ ಕೇಳಿದಳು, "ಅಲ್ಲಿ ನಿನ್ ಹತ್ರ ಬಂದೋಳು ಯಾರು?"

"ಆವತಿ ಕಡೆ ಹುಡುಗಿ."

"ಅವಳ ಮುಖದಾಗೆ ಏನಾದ್ರೂ ಕಾಣ್ತಾ?"

"ಇಲ್ಲ. ಏನೂ ಕಾಣ್ಲಿಲ್ಲ."

ಅಕ್ಕ ತಲೆಯಾಡಿಸಿದಳು. ಹರಿದ ಎಳೆಯೊಂದಕ್ಕೆ ಗಂಟು ಹಾಕಿ ಮತ್ತೆ ರಾಟೆ ತಿರುಗಿಸಿದಳು.