ಅವರನ್ನು ಕೂರಿಸಿದ್ದು

ಮುಖಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಶಿವ ಅಷ್ಟು ಉಳಿಸಿದ್ದ.

ಡೋಣಿಯ ತಿರುವಿನ ಹತ್ತಿರ ಕಬ್ಬಿನ ಟ್ರೇಲರ್‌ನ ಹಿಂಬದಿಗೆ ನಮ್ಮ ಮನೆಯವರ ಬೈಕು ಗುದ್ದಿತ್ತು. ನಾನು ದಿನಾ ಬಾಗಿಲಿಗೆ ಅಡ್ಡ ನಿಂತು ಹಾಕಿಸುತ್ತಿದ್ದ ಹೆಲ್ಮೆಟ್ ತಲೆಯನ್ನು ಕಾಯ್ದಿತ್ತು. ಎದೆಗೂಡು ಮುರಿದಿದೆ, ಹೊಟ್ಟೆಯೊಳಗೆ ಲಿವರ್ ಒಡೆದಿದೆ ಎಂದು ಗದಗಿನಲ್ಲಿ ಡಾಕ್ಟರು ಹೇಳಿದರು. ಹೊರಗೆ ರಕ್ತವೇ ಇಲ್ಲದ್ದಕ್ಕೆ, ಎತ್ತಿ ತಂದವರು ಬದುಕುತ್ತಾರೆಂದೇ ತಿಳಿದಿದ್ದರಂತೆ. ದಾರಿಯಲ್ಲಿ ನೀರು ಕೇಳಿದರಂತೆ, ಕೊಟ್ಟರಂತೆ. ಬಾಯಾರಿ ಹೋಗಲಿಲ್ಲ. ಅದೂ ದೇವರ ದಯೆ ಎಂದುಕೊಂಡೆ.

ಪೋಸ್ಟ್‌ಮಾರ್ಟಂಗೆಂದು ಕೊಯ್ದು, ಹೊಲಿದು ಕೊಟ್ಟರು. ಶಿರಹಟ್ಟಿಯ ಮನೆಗೆ ತಂದೆವು.

ನಮ್ಮಲ್ಲಿ ಹೋದವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಕುಳಿತ ಹಾಗೆಯೇ ಮಣ್ಣು ಮಾಡುತ್ತಾರೆ. ಇವರು ಕೂರಲೊಲ್ಲರು. ಎದೆಯಲ್ಲಿ ಆಸರೆಯೇ ಇಲ್ಲದೆ, ಕೂರಿಸಿದಾಗಲೆಲ್ಲ ಮುಂದಕ್ಕೆ ಕುಸಿದು ಹೊಟ್ಟೆಯ ಹೊಲಿಗೆಯ ಮೇಲೆ ಮಡಚಿಕೊಳ್ಳುತ್ತಿದ್ದರು. ಹೊದಿಸಿದ ಬಿಳಿ ಬಟ್ಟೆ ಒದ್ದೆಯಾಗತೊಡಗಿತು.

“ಅತ್ತ್ಯಾರ, ಸಾಕ್ರಿ. ಮಲಗಸ್ರಿ ಅವರನ್ನ,” ಎಂದೆ.

“ನನ್ನ ಮಗಾ ಏನ್ ದಿಕ್ಕಿಲ್ಲದ ಹೆಣಾ ಏನ, ಮಕ್ಕೊಂಡ್ ಮಣ್ಣಿಗೆ ಹೋಗಾಕ?” ಅತ್ತೆ ನನ್ನ ಕಡೆ ತಿರುಗಿದರು. “ತಲಿಗಷ್ಟ ಟೊಪಗಿ ಹಾಕಿ ಕಳಸಿದಿ. ಎದಿಗೂ ಒಂದ್ ತಗಡ ಕಟ್ಟಿ ಕಳಸಬೇಕಿತ್ತಿಲ್ಲ, ಶಾಣ್ಯಾಕಿ?”

ಕೂತ ಹೆಂಗಸರಲ್ಲಿ ಯಾರೋ ಸೆರಗಿನೊಳಗೆ ನಕ್ಕರು.

ಮೈದುನ ಮಣ್ಣು ಮಾಡುವ ಗುಂಡಿ ನೋಡಿ ಬಂದು, “ಅವ್ವಾ, ಕುಣಿ ಕುಂಡ್ರೂ ಹಂಗ ಚೌಕ ತಗದಾರ. ಉದ್ದ ಮಾಡಾಕ ಕೆಳಗ ಕಲ್ಲ ಐತಂತ,” ಎಂದ.

ಅಲ್ಲಿಗೆ ಮುಗಿಯಿತು. ಅವನು ಬೆನ್ನಿಗೆ ಹಲಗೆ ಕೊಟ್ಟ. ಧೋತರ ಸುತ್ತಿ ಕಟ್ಟುವುದನ್ನು ನಾನೇ ಮಾಡುತ್ತೇನೆಂದು ಬೇಡಿಕೊಂಡೆ. ಹೊಲಿಗೆಗೆ ತಾಗದಂತೆ, ಕೂಸಿಗೆ ಕಟ್ಟಿದ ಹಾಗೆ ಕಟ್ಟಿದೆ. ಮತ್ತೆ ಕುಸಿದರು. ಅತ್ತೆ ನನ್ನ ಕೈಯಿಂದ ತುದಿ ಕಸಿದು, ಹಲಗೆಗೆ ಕಾಲು ಕೊಟ್ಟು ಎಳೆದರು. ಎದೆಯೊಳಗೆ ಏನೋ ಲಟಕ್ಕೆಂದಿತು.

ಅತ್ತೆಯ ಕೈ ನಿಂತಿತು. ಅವರಿಗೂ ಕೇಳಿಸಿತ್ತು. ನನ್ನ ಮುಖ ನೋಡಿದರು. ಇನ್ನಾದರೂ ಬಿಡುತ್ತಾರೆ ಎಂದುಕೊಂಡೆ.

“ಲೇ, ಇನ್ನೊಂದ್ ಸುತ್ತ ಹಾಕ,” ಎಂದರು ಮೈದುನನಿಗೆ.

ಹಾಕಿದ. ಇವರು ಕುಳಿತರು. ಬಂದವರು, “ಜೀವಂತ ಕುಂತಂಗ ಅದಾನ ನೋಡ್ರಿ,” ಎಂದು ಕೈಮುಗಿದರು.

ಹಲಗೆ ಸಮೇತವೇ ಕುಣಿಗೆ ಇಳಿಸಿದರು. ಮಣ್ಣು ಎದೆಯವರೆಗೆ ಬಂದಾಗ, “ಇನ್ನ ಬೀಳಂಗಿಲ್ಲ. ಗಂಟ ಬಿಚ್ಚಪಾ,” ಎಂದೆ. ಮೈದುನ ತಾಯಿಯನ್ನು ನೋಡಿದ. ಅತ್ತೆ ಬೇಡ ಎನ್ನಲಿಲ್ಲ. ಅದನ್ನೂ ದಯೆಯೆಂದೇ ಹಿಡಿದೆ. ಅವನು ಬಗ್ಗಿ ಬೆನ್ನ ಹಿಂದೆ ಕೈಹಾಕಿದ.

ಗಂಟು ಆಗಲೇ ಮಣ್ಣೊಳಗೆ ಹೋಗಿತ್ತು.