ಕೋಳಿಯ ಹೊಟ್ಟೆಯೊಳಗಿನ ಸುಣ್ಣ

ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚೆ ನಾನು ಗೋಕಾಕದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಕ್ಕದ ಮನೆಯಲ್ಲಿ ದವಾಖಾನೆಯ ಕಂಪೌಂಡರ್ ಕೆಲಸದಿಂದ ನಿವೃತ್ತರಾದ ಚಾಚಾ ಇದ್ದರು. ಔಷಧಿ ತೂಗುವ ಅವರ ಹಳೆಯ ತಕ್ಕಡಿ ಸಾಸಿವೆ ಕಾಳಿಗೂ ಬಾಗುತ್ತಿತ್ತು.

ಒಮ್ಮೆ ಹಳೆಯ ಮಾಸಪತ್ರಿಕೆಯಲ್ಲಿ ವಿಚಿತ್ರವಾದೊಂದು ವಾದ ಓದಿದೆ. ಬೆಂಕಿಯಿಲ್ಲದೆ, ಕುಲುಮೆಯಿಲ್ಲದೆ, ಜೀವಿಗಳ ಮೈಯೊಳಗೇ ಒಂದು ಧಾತು ಇನ್ನೊಂದಾಗಿ ಬದಲಾಗುತ್ತದಂತೆ. ಬರೀ ಕಾಳು ತಿಂದ ಕೋಳಿ, ಆ ಕಾಳಿನಲ್ಲಿರುವುದಕ್ಕಿಂತ ಹೆಚ್ಚು ಸುಣ್ಣವನ್ನು ಮೊಟ್ಟೆಯ ಚಿಪ್ಪಿನಲ್ಲಿ ಹೊರಹಾಕುತ್ತದಂತೆ. ಚಾಚಾರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಮಾಸ್ತರ, ಇದು ಖರೆ ಇದ್ರ ಅಲ್ಲಾನ ಕಾರಖಾನಿ ನಮ್ಮ ಹಿತ್ತಲದಾಗ ಐತ್ರಿ. ನೋಡೇ ಬಿಡೂಣು."

ಅವರ ಹೆಂಡತಿ ಚಾಚಿ, ಮೂಡಲಗಿ ಸಂತೆಯಿಂದ ತಂದಿದ್ದ ಕೆಂಪು ಕೋಳಿಯನ್ನು ಒಲ್ಲದ ಮನಸ್ಸಿನಿಂದ ಕೊಟ್ಟರು. ಮಣ್ಣಾಗಲಿ ಗೋಡೆಯ ಸುಣ್ಣವಾಗಲಿ ಕೊಕ್ಕಿಗೆ ಸಿಗದಂತೆ ಅದನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟೆವು. ತೊಳೆದು ತೂಗಿದ ಜೋಳ, ಬಟ್ಟಿ ಇಳಿಸಿದ ನೀರು, ಅಷ್ಟೇ. ಕೋಳಿ ಎರಡು ದಿನಕ್ಕೊಂದು ಮೊಟ್ಟೆ ಇಡುತ್ತಿತ್ತು. ಅಷ್ಟು ದಿನಕ್ಕೆ ಅದು ತಿನ್ನುವಷ್ಟು ಜೋಳವನ್ನು ಬೇರೆ ತೆಗೆದು, ಅದರ ಸುಣ್ಣವಷ್ಟೂ ಉಳಿಯುವಂತೆ ಸುಟ್ಟು ಬೂದಿ ಮಾಡಿದೆ.

ಮೊದಲ ಮೊಟ್ಟೆಯ ಚಿಪ್ಪನ್ನು ಒಣಗಿಸಿ ತಕ್ಕಡಿಯ ಒಂದು ಕಡೆ ಇಟ್ಟು, ಇನ್ನೊಂದು ಕಡೆ ಬೂದಿ ಸುರಿದೆವು. ಚಿಪ್ಪಿನ ತಟ್ಟೆ ಟಕ್ಕನೆ ಕೆಳಗಿಳಿಯಿತು. ಬೂದಿಯಷ್ಟೂ ಸುಣ್ಣವೇ ಎಂದುಕೊಂಡರೂ ಲೆಕ್ಕ ಕೂಡುವಂತಿರಲಿಲ್ಲ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಅಂದು ಶಾಲೆಗೆ ಹೋಗುವಾಗ ದಾರಿಯ ಬೇವಿನ ಮರವನ್ನೂ ಮೇಯುವ ಎಮ್ಮೆಯನ್ನೂ ಭಯಭಕ್ತಿಯಿಂದ ನೋಡಿದೆ. ಅವುಗಳ ಒಳಗೆ ಸದ್ದಿಲ್ಲದೆ ಏನೇನು ಏನೇನಾಗುತ್ತಿದೆಯೋ!

ಮಾಸಪತ್ರಿಕೆಗೆ ಕಾಗದ ಬರೆಯಲು ಕೂತೆ. ಅದು ಮುಗಿಯುವ ಮೊದಲೇ ಚಿಪ್ಪುಗಳು ತೆಳುವಾದವು. ಹತ್ತನೇ ದಿನದ ಮೊಟ್ಟೆಗೆ ಚಿಪ್ಪೇ ಇರಲಿಲ್ಲ, ಬರೀ ಪೊರೆ. ಮರುದಿನ ಬೆಳಿಗ್ಗೆ ಕೋಳಿ ಎದ್ದು ನಿಲ್ಲಲಾರದೆ ಒರಗಿ ಬಿದ್ದಿತ್ತು.

ಚಾಚಿ ಅದನ್ನು ಮಡಿಲಿಗೆ ಎತ್ತಿಕೊಂಡು ಎದೆ ಸವರಿದರು. "ಇಲ್ಲಿ ಕೈ ಇಡ್ರಿ ಮಾಸ್ತರ" ಎಂದರು.

ಕೈಯಿಟ್ಟೆ. ಗರಿಗಳ ಕೆಳಗೆ ಎದೆಯ ಎಲುಬು ಬಿದಿರಿನ ಎಳೆ ಸಿಬರಿನಂತೆ ಬಾಗಿತು.

"ಕಾಳಿನಾಗ ಸಿಗಲಿಲ್ಲ, ತನ್ನ ಎಲುಬು ಕರಗಿಸಿ ಕೊಟ್ಟೈತಿ. ನಾ ನಾಕು ಹಡದೇನಿ, ನಾಕು ಹಲ್ಲು ಹೋದವು. ನನಗ ಕೇಳಿದ್ರ ಅವತ್ತ ಹೇಳ್ತಿದ್ನಿ."

ಚಾಚಾ ತಲೆ ತಗ್ಗಿಸಿದರು. ನನಗೆ ನಾಚಿಕೆಯಾಯಿತು, ಆದರೆ ಬೆರಗು ಮಾತ್ರ ಕುಗ್ಗಲಿಲ್ಲ. ಒಳಗೆ ಮರಿಯಿಲ್ಲದ ಮೊಟ್ಟೆಗಾಗಿಯೂ ಆ ಪುಟ್ಟ ಜೀವ ತನ್ನನ್ನೇ ಇಷ್ಟಿಷ್ಟಾಗಿ ಕರಗಿಸಿಕೊಂಡಿತ್ತು, ಅದೂ ನಮ್ಮ ಕಣ್ಣೆದುರಿಗೇ.

ತೂಗಿಟ್ಟಿದ್ದ ಚಿಪ್ಪುಗಳನ್ನೆಲ್ಲ ಚಾಚಿ ಕುಟ್ಟಿ, ನೆನೆಸಿದ ನುಚ್ಚಿಗೆ ಬೆರೆಸಿ ಅದಕ್ಕೆ ತಿನ್ನಿಸಿದರು. ವಾರ ಕಳೆಯುವಷ್ಟರಲ್ಲಿ ಕೋಳಿ ತಡವರಿಸುತ್ತ ಎದ್ದು ನಿಂತಿತು. ಆಮೇಲೆ ಹಿತ್ತಲಿಗೆ ಬಿಟ್ಟಾಗ ಅದು ನೇರವಾಗಿ ಗೋಡೆಯ ಬಳಿ ಹೋಗಿ ಉದುರಿದ ಸುಣ್ಣದ ಗಾರೆ ಕುಕ್ಕತೊಡಗಿತು. ನಾವು ಮೂವರೂ ಹೊಸ್ತಿಲಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದೆವು.