ಓದುವ ಪ್ರತಿ

ನನ್ನ ಬಳಿ ಇರುವ ಹಳೆಯ ಕಾಮಿಕ್ಸ್ ಪುಸ್ತಕಗಳಲ್ಲಿ ಪಿನ್ನಿಗೆ ತುಕ್ಕು ಹಿಡಿಯದ್ದು ಒಂದೂ ಇಲ್ಲ. ಮಂಗಳೂರಿನ ಗಾಳಿಗೆ ಕಬ್ಬಿಣದ ಗೇಟೇ ನಿಲ್ಲುವುದಿಲ್ಲ. ಪುಸ್ತಕದ ನಡುವಿನ ತೆಳು ಪಿನ್ನು ಎಷ್ಟು ದಿನ ತಡೆದೀತು? ಹುಬ್ಬಳ್ಳಿ, ಮೈಸೂರು ಕಡೆಯ ಸಂಗ್ರಾಹಕರು ನಮ್ಮಿಂದ ಪುಸ್ತಕ ತರಿಸಿಕೊಳ್ಳುವಾಗ “ಕರಾವಳಿಯ ಪ್ರತಿಯಾ?” ಎಂದು ಮೊದಲೇ ಕೇಳುತ್ತಾರೆ. ಹೌದು ಎಂದರೆ ಬೇಡವೆನ್ನುವುದಿಲ್ಲ. ತುಕ್ಕಿನ ಕಲೆ ಪುಟದ ಮೇಲೆ ಎಷ್ಟು ದೂರ ಹಬ್ಬಿದೆ ಎಂದಷ್ಟೇ ವಿಚಾರಿಸುತ್ತಾರೆ.

ಕೆಳದರ್ಜೆಯ ಪ್ರತಿ ಎಂದು ಮೊದಲೇ ಹೇಳಿಬಿಟ್ಟರೆ ನಮ್ಮ ಬಳಗದಲ್ಲಿ ಬಹಳಷ್ಟನ್ನು ಸಹಿಸಿಕೊಳ್ಳುತ್ತಾರೆ. ಮುಖಪುಟದ ಮೂಲೆ ಹೋಗಿರಬಹುದು. ಯಾವುದೋ ಕಾಲದ ಹುಡುಗಿ ಶಾಯಿಯಲ್ಲಿ ತನ್ನ ಹೆಸರು, ತರಗತಿ ಬರೆದಿರಬಹುದು. ಬಾಡಿಗೆ ಲೈಬ್ರರಿಯ ಮೊಹರು, ಬೆನ್ನಿನ ಸೀಳು, ಅನ್ನದ ಅಂಟು ಹಚ್ಚಿ ಅಂಟಿಸಿದ ಕಾಗದದ ತೇಪೆ, ಚಹಾ ಲೋಟದ ಉಂಗುರ, ಎಲ್ಲವೂ ನಡೆಯುತ್ತದೆ. ನಡೆಯದ್ದು ಸ್ವಲ್ಪವೇ. ಪುಟ ಹೋಗಿರಬಾರದು, ಕೂಪನ್ ಕತ್ತರಿಸುವ ಭರದಲ್ಲಿ ಹಿಂಬದಿಯ ಚಿತ್ರ ಹೋಗಿರಬಾರದು, ಮಾಸಿದ ಬಣ್ಣದ ಮೇಲೆ ಸ್ಕೆಚ್ ಪೆನ್ನು ಎಳೆದು ಹೊಸದೆಂದು ತೋರಿಸಿರಬಾರದು. ಹಾಗೆಯೇ ಬೂಷ್ಟು. ಬೂಷ್ಟು ಹಿಡಿದ ಪುಸ್ತಕವನ್ನು ಯಾರೂ ಮನೆಯೊಳಗೆ ತರುವುದಿಲ್ಲ. ಪಕ್ಕದ ಪುಸ್ತಕಕ್ಕೆ ಹಬ್ಬುತ್ತದೆಂಬ ಭಯ.

ಇದನ್ನೆಲ್ಲ ನನಗೆ ಕಲಿಸಿದವರು ವಾಮಂಜೂರಿನ ಗೆಳೆಯರೊಬ್ಬರು. ಗಲ್ಫ್‌ನ ಒಂದು ಕಂಪೆನಿಯ ಉಗ್ರಾಣದಲ್ಲಿ ದುಡಿದು ಊರಿಗೆ ಮರಳಿದವರು. ನಾನಾಗ ಪಡೀಲ್‌ನಲ್ಲಿದ್ದುಕೊಂಡು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಪಂಪ್‌ವೆಲ್‌ನ ಒಂದು ಗುಜರಿ ಅಂಗಡಿಯಲ್ಲಿ ಒಂದೇ ಕಟ್ಟಿಗೆ ಇಬ್ಬರೂ ಕೈ ಹಾಕಿದ್ದೆವು. ಅವರು ಕೈ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಕಟ್ಟು ಬಿಚ್ಚಿದೆವು. ಅವರು ಪ್ರತಿ ಪುಸ್ತಕವನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ ನನ್ನ ಕಡೆ ತಳ್ಳುತ್ತಾ ಹೋದರು.

“ಇದು ನಿಮಗೆ. ಇದೂ ನಿಮಗೆ. ಎಲ್ಲ ಓದುವ ಪ್ರತಿ ಮಾಷ್ಟ್ರೇ, ಇಡುವ ಪ್ರತಿ ಅಲ್ಲ.”

“ಪುಸ್ತಕ ಓದ್ಲಿಕ್ಕೇ ಅಲ್ವಾ ಇರುವುದು ಪೊರ್ಬುಗಳೇ?” ಎಂದೆ. ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವುದು ಹಾಗೆ.

ಅವರು ನಕ್ಕರು. ಆ ದಿನದಿಂದ ನಮ್ಮ ಹಂಚಿಕೆ ಹಾಗೇ ಉಳಿಯಿತು: ಹೊಳಪು ಉಳಿದದ್ದು ಅವರಿಗೆ, ಹರಿದದ್ದು ನನಗೆ. ಅವರ ಉಕ್ಕಿನ ಕಪಾಟಿನಲ್ಲಿ ಒಂದೊಂದು ಪುಸ್ತಕಕ್ಕೂ ಒಂದೊಂದು ಪ್ಲಾಸ್ಟಿಕ್ ಹೊದಿಕೆ, ತೇವ ಹೀರುವ ಪೊಟ್ಟಣ. ತೆರೆದರೂ ಅಂಗೈ ಅಗಲದಷ್ಟು ಮಾತ್ರ ತೆರೆದು ಇಣುಕುತ್ತಿದ್ದರು, ಬೆನ್ನು ಬಿರಿಯಬಾರದೆಂದು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಊರಿಗೆಲ್ಲ ಸಿಸ್ಟರ್, ನನಗೂ ಸಿಸ್ಟರ್. ಅವರಿಗೆ ಈ ಹುಚ್ಚು ಹಿಡಿಸಿರಲಿಲ್ಲ. “ಇಬ್ಬರು ಮುದುಕರು ಮಕ್ಕಳ ಪುಸ್ತಕ ಇಟ್ಕೊಂಡು ಎಂತ ಮಾಡ್ತೀರಿ ಮಾರಾಯ್ರೆ” ಎನ್ನುತ್ತಲೇ ಚಹಾ ತಂದಿಡುತ್ತಿದ್ದರು.

ಗೆಳೆಯರಿಗೆ ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಅದು ಕಣ್ಣಿಗೆ ಇಳಿದದ್ದು ನಮಗ್ಯಾರಿಗೂ ಬೇಗ ತಿಳಿಯಲಿಲ್ಲ. ಮುಖಪುಟದಲ್ಲಿ ಕಪ್ಪು ಚುಕ್ಕೆ ಇದೆಯೆಂದು ಒಂದು ಪುಸ್ತಕವನ್ನು ಬದಿಗಿಟ್ಟರು. ನನಗೆ ಚುಕ್ಕೆ ಕಾಣಲಿಲ್ಲ. ಮುಂದಿನ ವಾರ ಇನ್ನೊಂದರಲ್ಲೂ ಚುಕ್ಕೆ ಕಂಡಿತು ಅವರಿಗೆ. ಚುಕ್ಕೆ ಇದ್ದದ್ದು ಕಣ್ಣೊಳಗೆ. ಲೇಸರ್ ಆಯಿತು, ಇಂಜೆಕ್ಷನ್ ಆಯಿತು, ಆಪರೇಷನ್ನೂ ಆಯಿತು. ಒಂದು ಕಣ್ಣು ಹೋದ ಮೇಲೆ ಇನ್ನೊಂದೂ ಅದರ ಹಿಂದೆಯೇ ಹೋಯಿತು. ಕಿಟಕಿಯ ಬೆಳಕು ಯಾವ ಕಡೆ ಎಂಬುದಷ್ಟೇ ಉಳಿಯಿತು.

ಆಮೇಲೆ ಅವರು ಫೋನ್ ಎತ್ತುವುದನ್ನು ಬಿಟ್ಟರು. ನಾನು ಹೋದರೆ ಮಲಗಿದ್ದಾರೆ ಎಂದು ಸಿಸ್ಟರ್ ಹೇಳುತ್ತಿದ್ದರು. ಒಳಗಿನಿಂದ ಕೊಂಕಣಿ ರೇಡಿಯೋ ಕೇಳುತ್ತಿರುತ್ತಿತ್ತು. ನಾನು ಒತ್ತಾಯಿಸದೆ ಹಿಂದಿರುಗುತ್ತಿದ್ದೆ. ಒಂದು ಇಡೀ ಮಳೆಗಾಲ ಹಾಗೆಯೇ ಕಳೆಯಿತು.

ಬೇಸಗೆಯ ಆರಂಭದಲ್ಲಿ ಸಿಸ್ಟರೇ ಫೋನ್ ಮಾಡಿದರು. “ಮಾಷ್ಟ್ರೇ, ಇವರು ಎಲ್ಲ ಕೊಡ್ತಾರಂತೆ. ಪುಸ್ತಕದ್ದು ಹೇಳುವುದು. ನೀವು ಬಂದು ನೋಡಿ ಯಾವುದು ಹೇಗೆ ಉಂಟು ಹೇಳ್ಬೇಕಂತೆ. ಬೇರೆಯವರ ಕಣ್ಣು ಬೇಡ ಹೇಳ್ತಾರೆ.”

ನಾನು ಹೋದಾಗ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನನ್ನ ಕ್ಷೇಮ ಕೇಳಲಿಲ್ಲ. “ಕಪಾಟು ತೆಗೀರಿ” ಎಂದರು. ಬಾಗಿಲು ತೆರೆದ ಕೂಡಲೇ ವಾಸನೆ ಬಂತು. ಅವರ ಮೂಗಿಗೂ ಬಂದಿರಬೇಕು. ಗದ್ದ ಸ್ವಲ್ಪ ಮೇಲೆತ್ತಿದರು.

ನಾನು ಒಂದೊಂದನ್ನೇ ಹೊರತೆಗೆದು ಹೇಳತೊಡಗಿದೆ. ಅವರು ಹೊದಿಕೆ ಸರಿಸಿ ಬೆನ್ನಿನ ಮೇಲೆ ಹೆಬ್ಬೆರಳು ಓಡಿಸಿ, ಅಂಚನ್ನು ಸವರಿ ತಲೆಯಾಡಿಸುತ್ತಿದ್ದರು. ಹೆಚ್ಚಿನವು ಚೆನ್ನಾಗಿಯೇ ಇದ್ದವು. ಕೆಳಗಿನ ಅರೆಯಲ್ಲಿ ಗೋಡೆಯ ಬದಿಗಿದ್ದ ಪುಸ್ತಕವನ್ನು ಎತ್ತಿದಾಗ ನನ್ನ ಮಾತು ನಿಂತಿತು. ಅದು ಅವರು ಎಲ್ಲಕ್ಕಿಂತ ಹೆಚ್ಚು ಜೋಪಾನ ಮಾಡಿದ್ದು. ದೀಪಸ್ತಂಭದ ಕಾವಲುಗಾರನೊಬ್ಬನ ಕಥೆ. ಮುಖಪುಟದಲ್ಲಿ ಕಡಲು, ಮೇಲೆ ಹಳದಿ ಬೆಳಕಿನ ಕೋಲು. ಆ ಕಡಲಿನ ಎಡಬದಿಯ ತುಂಬ ಬೂದುಬಣ್ಣದ ಬೂಷ್ಟು ಕೂತಿತ್ತು. ಪೊಟ್ಟಣಗಳನ್ನು ಬದಲಿಸುತ್ತಿದ್ದವರು ಅವರೇ. ಆ ಮಳೆಗಾಲ ಕಪಾಟನ್ನು ಯಾರೂ ತೆರೆದಿರಲಿಲ್ಲ.

“ಅದು ಯಾವುದು?” ಎಂದರು.

ಹೇಳಿದೆ.

“ಹೇಗೆ ಉಂಟು?”

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ನನ್ನ ಕಡೆ ನೋಡಿ ಬೇಡವೆಂಬಂತೆ ತಲೆಯಾಡಿಸಿದರು. ಚೆನ್ನಾಗಿದೆ ಎಂದುಬಿಡಬಹುದಿತ್ತು. ಆದರೆ ನನ್ನನ್ನು ಕರೆಸಿದ್ದು ನೋಡಿ ಹೇಳಲಿಕ್ಕೆ.

“ಫಂಗಸ್ ಹಿಡಿದಿದೆ ಪೊರ್ಬುಗಳೇ. ಮುಖಪುಟ ಎಡಗಡೆ ಹೋಗಿದೆ. ಒಳಗೆ ಪುಟ ಸರಿ ಉಂಟು.”

ಅವರು ಕೈ ಚಾಚಿದರು. ಕೊಟ್ಟೆ. ಬೂಷ್ಟಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಹಾಗೆಯೇ ಕೂತರು. ಸಿಸ್ಟರ್ ಒಳಗೆ ಹೋಗಿಬಿಟ್ಟರು. ಕೊನೆಗೆ ಗೆಳೆಯರು ಹೇಳಿದ್ದು ಇಷ್ಟೇ: “ಗ್ರೂಪಿಗೆ ಹಾಕುವ. ಇದ್ದದ್ದು ಇದ್ದ ಹಾಗೆ.”

ಸಂಗ್ರಾಹಕರ ವಾಟ್ಸಾಪ್ ಗುಂಪೊಂದು ಇದೆ. ನಾನು ಫೋನ್ ಹಿಡಿದೆ, ಅವರು ಮಾತಾಡಿದರು. ಇಗರ್ಜಿಯಲ್ಲಿ ವಾಚನ ಓದುವವರ ಹಾಗೆ ನಿಧಾನವಾಗಿ ಒಂದೊಂದು ಪುಸ್ತಕದ ಕುಂದನ್ನೂ ಹೇಳಿದರು. ಈ ಪುಸ್ತಕಕ್ಕೆ ಬಂದಾಗ, “ಇದಕ್ಕೆ ಫಂಗಸ್ ಉಂಟು. ನನಗೆ ಈಗ ಕಣ್ಣು ಕಾಣುವುದಿಲ್ಲ, ಮಾಷ್ಟ್ರು ನೋಡಿ ಹೇಳಿದ್ದು” ಎಂದರು. ಗುಂಪಿನ ಹೆಚ್ಚಿನವರಿಗೆ ಕಣ್ಣಿನ ವಿಷಯ ಗೊತ್ತಾದದ್ದು ಆಗಲೇ.

ಆಮೇಲೆ ಒಬ್ಬರು, ‘ಫಂಗಸ್ ಇದ್ದರೂ ಪರವಾಗಿಲ್ಲ ಸರ್, ನಾನು ತೆಗೆದುಕೊಳ್ಳುತ್ತೇನೆ’ ಎಂದು ಬರೆದರು. ಹಿಂದೆಯೇ ಇನ್ನೊಬ್ಬರು. ನಾನು ಓದಿ ಹೇಳಿದೆ. ಗೆಳೆಯರ ಮುಖ ಕೆಂಪಾಯಿತು.

“ಹೋದ ವರ್ಷ ಆದ್ರೆ ಇವರು ಇದನ್ನು ಕಡ್ಡಿಯಲ್ಲೂ ಮುಟ್ತಿರಲಿಲ್ಲ. ಈಗ ಪಾಪ ಕಾಣ್ತದಾ? ಪುಸ್ತಕಕ್ಕೆ ಪಾಪ ಹೇಳ್ತಾರಾ, ನನಗಾ?”

“ಅವರಿಗೆ ನಿಮ್ಮ ಮೇಲೆ ಪ್ರೀತಿ ಮಾರಾಯ್ರೆ.”

“ಪ್ರೀತಿಯಲ್ಲಿ ಸುಳ್ಳು ಗ್ರೇಡ್ ಕೊಡ್ಲಿಕ್ಕಿಲ್ಲ ಮಾಷ್ಟ್ರೇ. ಬಾಕಿದ್ದೆಲ್ಲ ಕೊಡುವ. ಇದು ಇಲ್ಲೇ ಇರ್ಲಿ.”

ಸಿಸ್ಟರ್ ಆ ಪುಸ್ತಕವನ್ನು ಅಂಗಳದಲ್ಲಿ ಬಿಸಿಲಿಗಿಟ್ಟು, ಒಣಬಟ್ಟೆಯಿಂದ ಮೆಲ್ಲಗೆ ಒರೆಸಿದರು, ಮಗುವಿನ ಕಜ್ಜಿ ಒರೆಸಿದ ಹಾಗೆ. ಮುಖಪುಟದ ಬಣ್ಣ ಸ್ವಲ್ಪ ಎದ್ದು ಬಂತು. ಬಿಸಿಲು ಇಳಿಯುತ್ತಿರುವಾಗ ಗೆಳೆಯರು ಅದನ್ನು ನನ್ನ ಕೈಗಿಟ್ಟರು.

“ಓದಿ.”

“ಎಂತ, ಈಗಲಾ?”

“ಇಷ್ಟು ವರ್ಷ ನಾನಿದನ್ನು ಪೂರ್ತಿ ತೆರೆದಿಲ್ಲ. ಶಾಲೆಗೆ ಹೋಗುವಾಗ ಯಾರದ್ದೋ ತಂದು ಓದಿದ್ದು, ಅಷ್ಟೇ.”

ಮೊಣಕಾಲ ಮೇಲಿಟ್ಟು ಅಗಲವಾಗಿ ತೆರೆದೆ. ಬೆನ್ನು ಬಿರಿದ ಸದ್ದು ಚಿಕ್ಕದು, ಒಣ ಎಲೆ ಮುರಿದಷ್ಟು. ಅವರು ಕೇಳಿಸಿಕೊಂಡರು.

“ಒಡೀತಾ?”

“ಹೌದು.”

“ಆಗ್ಲಿ. ಓದಿ.”

ಮಾತುಗಳನ್ನು ಓದುವುದು ಸುಲಭ. ಚಿತ್ರ ಹೇಳುವುದು ನನಗೆ ಬರಲಿಲ್ಲ. ‘ಒಬ್ಬ ಮನುಷ್ಯ ನಿಂತಿದ್ದಾನೆ, ಹಿಂದೆ ಕಡಲು’ ಎನ್ನುತ್ತಿದ್ದೆ. ಅವರು ತಾಳ್ಮೆಗೆಟ್ಟು, “ಹೇಗೆ ನಿಂತಿದ್ದಾನೆ? ಕೈ ಎಲ್ಲುಂಟು?” ಎಂದು ಕೇಳುತ್ತಿದ್ದರು. ಆಗ ಸಿಸ್ಟರ್ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. “ಬಲಗೈಯನ್ನು ಎದೆಗೆ ಹಿಡ್ಕೊಂಡಿದ್ದಾನೆ. ನೋವು ಉಂಟು ಅವನಿಗೆ, ಹೆಗಲು ಒಂದು ಕೆಳಗೆ ಬಿದ್ದಿದೆ. ತುಂಬ ದಿವಸದಿಂದ ನಿದ್ದೆ ಮಾಡಿಲ್ಲ” ಎಂದರು. ವಾರ್ಡಿನಲ್ಲಿ ರೋಗಿಗಳ ಮುಖ ನೋಡಿಯೇ ಅಭ್ಯಾಸವಾದವರು. ಅವರು ಹೇಳಿದ ಮೇಲೆ ನನಗೂ ಕಂಡಿತು.

ಹಾಗೆ ಶುರುವಾದದ್ದು ವಾರವಾರ ನಡೆಯಿತು. ಕಪಾಟು ಖಾಲಿಯಾಗುತ್ತಾ ಬಂದಂತೆ ನಾನು ನನ್ನ ಹರಕು ಪುಸ್ತಕಗಳನ್ನು ಹೊತ್ತುಕೊಂಡು ವಾಮಂಜೂರಿನ ಬಸ್ಸು ಹತ್ತತೊಡಗಿದೆ. ನಾನು ಮಾತು ಓದುತ್ತಿದ್ದೆ, ಸಿಸ್ಟರ್ ಚಿತ್ರ ಹೇಳುತ್ತಿದ್ದರು. ಹೆಸರು ಬರೆದದ್ದು, ತೇಪೆ ಹಾಕಿದ್ದು ಯಾವುದೂ ಈಗ ಅಡ್ಡಿಯಾಗುತ್ತಿರಲಿಲ್ಲ.

ಒಂದು ಸಲ ಮಾತ್ರ ಸಿಕ್ಕಿಬಿದ್ದೆವು. ಅದು ಸರ್ಕಸ್ಸಿನ ಕಥೆ. ಜೋಕಾಲಿಯಿಂದ ಜೋಕಾಲಿಗೆ ಹಾರುವ ಹುಡುಗಿಯ ಕೈ ಜಾರುತ್ತದೆ. ಮುಂದಿನ ಚಿತ್ರವಿದ್ದಲ್ಲಿ ಚೌಕಾಕಾರದ ತೂತು. ಹಿಂಬದಿಯಲ್ಲಿದ್ದ ಕೂಪನ್ನನ್ನು ಯಾರೋ ಕತ್ತರಿಸಿಕೊಂಡಿದ್ದರು. ಅದರ ಮುಂದಿನ ಚಿತ್ರದಲ್ಲಿ ಹುಡುಗಿ ನೆಲದ ಮೇಲೆ ನಿಂತಿದ್ದಳು.

“ಜೋಕರ್ ಹಿಡೀತಾನೆ. ನನಗೆ ನೆನಪುಂಟು” ಎಂದರು ಗೆಳೆಯರು.

“ಇಲ್ಲ, ಬಲೆಗೆ ಬೀಳ್ತಾಳೆ. ನಾನೂ ಓದಿದ್ದೇನೆ” ಎಂದೆ.

ಇಬ್ಬರೂ ಬಿಡಲಿಲ್ಲ. ಚಿತ್ರದ ಬಣ್ಣದವರೆಗೂ ವಾದ ಹೋಯಿತು. ಕೊನೆಗೆ ಅವರೇ ಗುಂಪಿಗೆ ಧ್ವನಿ ಕಳಿಸಿ ಯಾರ ಬಳಿಯಾದರೂ ಪೂರ್ತಿ ಪ್ರತಿ ಇದೆಯೇ ಎಂದು ಕೇಳಿದರು. ಪುಸ್ತಕ ಕೊಡುವ ಮಾತು ಬಿಟ್ಟರೆ ಅಷ್ಟು ತಿಂಗಳಲ್ಲಿ ಅವರು ಗುಂಪಿನಲ್ಲಿ ತಾವಾಗಿ ಮಾತಾಡಿದ್ದು ಅದೇ ಮೊದಲು. ಮರುದಿನವೇ ಬೆಳಗಾವಿಯ ಕಡೆಯವರೊಬ್ಬರು ಆ ಪುಟದ ಫೋಟೋ ಕಳಿಸಿದರು. ನಾನು ಅಂದೇ ವಾಮಂಜೂರಿಗೆ ಹೋಗಿ ಫೋನನ್ನು ಸಿಸ್ಟರ್ ಕೈಗೆ ಕೊಟ್ಟೆ.

“ಹುಡುಗಿಯೇ ಇಲ್ಲ ಇದ್ರಲ್ಲಿ” ಎಂದರು ಅವರು. “ಜನ ಮಾತ್ರ. ಎಲ್ಲ ಬಾಯಿ ಬಿಟ್ಟು ಮೇಲೆ ನೋಡ್ತಿದ್ದಾರೆ. ಒಬ್ಬಳು ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದಿದ್ದಾಳೆ.”

“ಹಾಗಾದ್ರೆ ಜೋಕರ್ ನಾನೇ ಹಾಕಿದ್ದಾ?” ಎಂದು ಕೇಳಿ, ಗೆಳೆಯರು ತಾವೇ ತಲೆಯಾಡಿಸಿಕೊಂಡರು. ನಾನು ಹಾಕಿದ್ದ ಬಲೆಯ ವಿಷಯ ನಾನೂ ಎತ್ತಲಿಲ್ಲ.

ಕಣ್ಣು ಮರಳಿ ಬರುವುದಿಲ್ಲವೆಂದು ಡಾಕ್ಟರು ಈಚೆಗೆ ಸ್ಪಷ್ಟವಾಗಿಯೇ ಹೇಳಿದ್ದಾರೆ. ಉಕ್ಕಿನ ಕಪಾಟಿನಲ್ಲಿ ಈಗ ಸಿಸ್ಟರ್ ಸೀರೆಗಳಿವೆ. ಕಾಲಿನ ಗಾಯವೊಂದು ಒಣಗದೆ ಗೆಳೆಯರು ಈ ತಿಂಗಳು ಹೆಚ್ಚಾಗಿ ಹಾಸಿಗೆಯಲ್ಲೇ ಇದ್ದಾರೆ. ಹೋದ ವಾರ ಅವರೇ ಕೇಳಿ ದೀಪಸ್ತಂಭದ ಕಥೆಯನ್ನು ಮತ್ತೆ ಓದಿಸಿಕೊಂಡರು. ಬಿರುಗಾಳಿ ನಿಂತ ಮೇಲಿನ ಪುಟಕ್ಕೆ ಬಂದಾಗ ಸಿಸ್ಟರನ್ನು ಕೇಳಿದರು:

“ಕಡಲಿಗೆ ಯಾವ ನೀಲಿ ಹಾಕಿದ್ದಾರೆ?”

ಅವರು ಪುಟವನ್ನು ಕಿಟಕಿಯ ಬಳಿ ಒಯ್ದು ನೋಡಿದರು. “ನೀಲಿ ಅಲ್ಲ. ಮಳೆ ಹಿಡಿಯುವ ಮೊದಲು ತಣ್ಣೀರುಬಾವಿಯಲ್ಲಿ ಕಡಲು ಇರ್ತದಲ್ಲ, ಸ್ವಲ್ಪ ಹಸುರು, ಹಾಗೆ.”

“ಹಾಂ” ಎಂದು ಗೆಳೆಯರು ದಿಂಬಿಗೆ ತಲೆ ಆನಿಸಿದರು. ನಾನು ಮುಂದಿನ ಪುಟ ತಿರುಗಿಸಿದೆ.